ಲೋಹದ ವಿಷವೂ ಬೇರಿನ ಅಣುಜೀವಿಗಳೂ

ಹೈದರಾಲಿಯು 1755ರಲ್ಲಿ ಮೈಸೂರಿನ ಫೌಜುದಾರನಾಗಿ ದಿಂಡಿಗಲ್ಲಿಗೆ ಹೋದನೆಂದು ಚರಿತ್ರೆಯಲ್ಲಿ ಓದುತ್ತೇವೆ. ತಮಿಳುನಾಡಿನ ಆ ಊರು ಚರ್ಮದ ಉದ್ಯಮಕ್ಕೂ ಹೆಸರಾದುದು. ಹಿಂದೆ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರು. ಅದಕ್ಕೆ ವಾರಗಟ್ಟಲೆ ಕಾಲ ಹಿಡಿಯುತ್ತಿತ್ತು. ಕ್ರೋಮಿಯಂ ಲವಣ ಬಳಸಿದರೆ ಒಂದೆರಡು ದಿನ ಸಾಕು. ಆದರೆ ಹಾಕಿದ ಲವಣವನ್ನೆಲ್ಲ ಚರ್ಮ ಹೀರಿಕೊಳ್ಳದು. ಸುಮಾರು ಮೂರನೆಯ ಒಂದು ಪಾಲು ಕೊಳೆನೀರಿನೊಡನೆ ಹೊರಗೆ ಹೋಗುತ್ತದೆ. ಕೊಡಗನಾರು ನದಿಯ ಬಯಲಿನಲ್ಲಿ ಬಾವಿಗಳ ನೀರು ಕೆಟ್ಟದ್ದು ಹೀಗೆ. 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟು ದಿಂಡಿಗಲ್ಲೂ ಸೇರಿ ಐದು ಜಿಲ್ಲೆಗಳ ಚರ್ಮದ ಕಾರ್ಖಾನೆಗಳಿಗೆ ತಲಾ 10,000 ರೂಪಾಯಿ ದಂಡ ವಿಧಿಸಿತು.

ದಂಡ ತೆತ್ತ ಮಾತ್ರಕ್ಕೆ ಮಣ್ಣಿನೊಳಗಿನ ಲೋಹ ಹೋಗುವುದಿಲ್ಲವಷ್ಟೆ. ಸಗಣಿ, ತರಗೆಲೆಗಳು ಕೊಳೆತು ಗೊಬ್ಬರವಾಗುತ್ತವೆ. ಲೋಹವು ಮೂಲಧಾತು, ಅದಕ್ಕೆ ಕೊಳೆಯುವುದೆಂಬುದೇ ಇಲ್ಲ. ಮಣ್ಣನ್ನೇ ಅಗೆದು ಸಾಗಿಸೋಣವೆಂದರೆ ಎಕರೆಗಟ್ಟಲೆ ಮಣ್ಣನ್ನು ಒಯ್ಯುವುದೆಲ್ಲಿಗೆ? ಈ ಕಷ್ಟದಿಂದಲೇ ವಿಜ್ಞಾನಿಗಳ ದೃಷ್ಟಿ ಗಿಡದ ಬೇರಿನತ್ತ ಹರಿಯಿತು.

ಕಡಲೆಕಾಯಿ ಗಿಡವನ್ನು ಕಿತ್ತು ನೋಡಿ. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅವು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಗಳ ಮನೆಗಳು. ಗಂಟುಗಳಿಲ್ಲದ ಗಿಡಗಳಿಗೂ ಇಂತಹ ನೆರೆಹೊರೆಯುಂಟು. ಬೇರು ಸಕ್ಕರೆ, ಆಮ್ಲ ಮೊದಲಾದುವನ್ನು ಸುತ್ತಲ ಮಣ್ಣಿಗೆ ಒಸರುತ್ತದೆ. ಅದನ್ನುಂಡು ಅಲ್ಲಿ ಅಣುಜೀವಿಗಳು ದಟ್ಟವಾಗಿ ಬೆಳೆಯುತ್ತವೆ. ಕೆಲವು ಬೇರಿನ ಒಳಗೇ ಸೇರಿಕೊಂಡು, ಗಿಡಕ್ಕೆ ಕೇಡು ಮಾಡದೆ ಬಾಳುತ್ತವೆ. ಬೇರಿನ ಸುತ್ತಲ ಈ ವಲಯಕ್ಕೆ 1904ರಲ್ಲಿ ಜರ್ಮನಿಯ ಹಿಲ್ಟ್‌ನರ್ ಎಂಬ ವಿಜ್ಞಾನಿ ರೈಜೋಸ್ಫಿಯರ್ ಎಂದು ಹೆಸರಿಟ್ಟನು.

ಲೋಹವಿರುವ ಮಣ್ಣಿನಲ್ಲಿ ಈ ಜೀವಿಗಳ ಉಪಕಾರವೇನು? ಒಂದನ್ನು ತಿಳಿಯಲು ಬಾಳೆಯ ನೆನಪು ಸಾಕು. ದಿಂಡಿಗಲ್ಲಿನ ನೆರೆಯ ತೇನಿ ಜಿಲ್ಲೆಯೂ ಅಲ್ಲಿನ ಕಂಬಂ ಕಣಿವೆಯೂ ಬಾಳೆ, ದ್ರಾಕ್ಷಿಗಳಿಗೆ ಪ್ರಸಿದ್ಧ. ಬಾಳೆಕಾಯನ್ನು ಹಣ್ಣು ಮಾಡುವ ಅನಿಲ ಎಥಿಲೀನ್. ಲೋಹದ ವಿಷ ತಾಕಿದ ಗಿಡ ಇದೇ ಅನಿಲವನ್ನು ಅತಿಯಾಗಿ ಉಂಟುಮಾಡಿಕೊಳ್ಳುತ್ತದೆ. ಆಗ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಕೆಲವು ಬ್ಯಾಕ್ಟೀರಿಯಗಳು ಎಥಿಲೀನ್ ತಯಾರಾಗಬೇಕಾದ ಮೂಲವಸ್ತುವನ್ನೇ ತಿಂದುಬಿಡುತ್ತವೆ. ಬೇರು ಮತ್ತೆ ಚಿಗುರುತ್ತದೆ! ಇನ್ನು ಕೆಲವು ಆಮ್ಲಗಳನ್ನು ಸುರಿಸಿ, ಮಣ್ಣಿನ ಕಣಕ್ಕೆ ಅಂಟಿದ ಲೋಹವನ್ನು ಸಡಿಲಿಸಿ, ಬೇರಿಗೆ ಒದಗಿಸುತ್ತವೆ.

ಕ್ರೋಮಿಯಮ್ಮಿನ ವಿಷಯ ಸ್ವಲ್ಪ ಬೇರೆ. ಅದಕ್ಕೆ ಎರಡು ಮುಖ್ಯ ರೂಪಗಳಿವೆ. ಚರ್ಮಕ್ಕೆ ಹಾಕುವ ಮೂರು ವೇಲೆನ್ಸಿಯ ರೂಪ ಮಣ್ಣಿಗೆ ಅಂಟಿಕೊಂಡಿರುತ್ತದೆ. ಆರು ವೇಲೆನ್ಸಿಯದು ನೀರಿನಲ್ಲಿ ಕರಗಿ ಬಾವಿಗೆ ಇಳಿಯುವಂಥದು, ಕ್ಯಾನ್ಸರ್ ತರುವಂಥದು. ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳು ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸಬಲ್ಲವು. ಬೆಸಿಲಸ್, ಸೂಡೋಮೊನಾಸ್ ಕುಲದ ಹಲವು ಬ್ಯಾಕ್ಟೀರಿಯಗಳು ಇದನ್ನೇ ತಿರುಗುಮುರುಗು ಮಾಡುತ್ತವೆ, ಆರನ್ನು ಮೂರಕ್ಕೆ ಇಳಿಸುತ್ತವೆ. ಲೋಹ ಹೋಗಲಿಲ್ಲ, ಅದರ ಓಡಾಟ ನಿಂತಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಕ್ರೋಮಿಯಂ ಮೀರಬಾರದೆಂದು ನಮ್ಮ ದೇಶದ ನಿಯಮವಿರುವುದರಿಂದ ಬಾವಿಯ ಮಟ್ಟಿಗೆ ಇಷ್ಟಾದರೂ ದೊಡ್ಡ ಲಾಭವೇ.

ಎಲ್ಲ ಲೋಹಕ್ಕೂ ಇದೇ ಮಾತು ಸಲ್ಲದು. ದಿಂಡಿಗಲ್ ಜಿಲ್ಲೆಯದೇ ಆದ ಕೊಡೈಕೆನಾಲಿನಲ್ಲಿ ಒಂದು ಉಷ್ಣಮಾಪಕ ಕಾರ್ಖಾನೆಯಿತ್ತು. ಪಾದರಸದ ಮಾಲಿನ್ಯದಿಂದಾಗಿ 2001ರಲ್ಲಿ ಅದು ಮುಚ್ಚಿತು. ಪಾದರಸದ ಲವಣವನ್ನು ಆವಿಯಾಗುವ ಪಾದರಸವನ್ನಾಗಿ ಮಾಡುವ ಬ್ಯಾಕ್ಟೀರಿಯಗಳೂ ಇವೆ. ಮಣ್ಣು ಶುದ್ಧವಾಯಿತು, ನಿಜ. ಆದರೆ ಆವಿ ಸೇರಿದ್ದು ನಾವು ಉಸಿರಾಡುವ ಗಾಳಿಯನ್ನು! ಇದನ್ನು ಶುದ್ಧೀಕರಣವೆನ್ನಲು ನನಗಂತೂ ಮನಸ್ಸು ಬಾರದು.

ಕ್ಯಾಡ್ಮಿಯಂ, ಸತುಗಳನ್ನು ಸಾಸಿವೆ ಗಿಡ ತನ್ನ ಎಲೆಯವರೆಗೂ ಏರಿಸಿಕೊಳ್ಳಬಲ್ಲದು, ಬ್ಯಾಕ್ಟೀರಿಯದ ನೆರವಿದ್ದರೆ ಇನ್ನೂ ಹೆಚ್ಚಾಗಿ. ಕುಂಡದಲ್ಲಿ ಈ ಪ್ರಯೋಗ ಚೆನ್ನಾಗಿ ನಡೆಯುತ್ತದೆ. ಹೊಲದಲ್ಲಿ ಬಿಸಿಲು, ಉಪ್ಪು, ಮೊದಲೇ ಬೇರೂರಿದ ಅಣುಜೀವಿಗಳು ಇವುಗಳ ನಡುವೆ ಹೊಸದಾಗಿ ಹಾಕಿದ ಬ್ಯಾಕ್ಟೀರಿಯ ಉಳಿಯುವುದೇ ಕಷ್ಟ. ಉಳಿದರೂ ವರ್ಷಾನುಗಟ್ಟಲೆ ಬೆಳೆದು ಕೊಯ್ಯಬೇಕು.

ಕೊಯ್ದ ಗಿಡವೂ ವಿಷವೇ. ಸೊಪ್ಪು ಹಸಿರಾಗಿ, ಸೊಂಪಾಗಿ ಕಾಣುತ್ತದೆ. ಲೋಹ ಕಣ್ಣಿಗೆ ಬೀಳದು, ತೊಳೆದರೆ ಹೋಗದು, ಬೇಯಿಸಿದರೂ ಹೋಗದು. ಅದನ್ನು ಸಾರಿಗೆ ಹಾಕುವಂತಿಲ್ಲ, ದನಕ್ಕೆ ಕೊಡುವಂತಿಲ್ಲ, ತಿಪ್ಪೆಗೂ ಎಸೆಯುವಂತಿಲ್ಲ. ಮುಚ್ಚಿದ ಕುಲುಮೆಯಲ್ಲಿ ಸುಟ್ಟು, ಹೊಗೆಯೊಡನೆ ಆವಿಯಾಗಿ ಹೋಗುವ ಲೋಹದ ಪಾಲನ್ನು ಸೋಸಿ ಹಿಡಿದು, ಉಳಿದ ಲೋಹವಿರುವ ಬೂದಿಯನ್ನು ನೀರು ಇಳಿಯದ ಗುಂಡಿಯಲ್ಲಿ ಭದ್ರಪಡಿಸಬೇಕು.