ಹಿಮದೊಳಗೊಂದು ಪೇಟಿ

ಲಾರೆಲ್-ಹಾರ್ಡಿ ಜೋಡಿಯ ‘ಬಿಲೋ ಝೀರೊ’ ಇಪ್ಪತ್ತು ನಿಮಿಷದ ಕಪ್ಪು-ಬಿಳುಪು ಸಿನಿಮಾ. 1930ರಲ್ಲಿ ಬಂದದ್ದು. ಅಮೆರಿಕದ ಷೇರುಪೇಟೆ ಕುಸಿದು ಆಗಿನ್ನೂ ವರ್ಷ ತುಂಬಿರಲಿಲ್ಲ. ಇಬ್ಬರು ಬೀದಿ ಸಂಗೀತಗಾರರು ಹಿಮ ಬಿದ್ದ ರಸ್ತೆಯಲ್ಲಿ ನಿಂತು, ಬೇಸಿಗೆ ಎಷ್ಟು ಚೆಂದ ಎನ್ನುವ ಹಾಡನ್ನು ನುಡಿಸುತ್ತಾರೆ. ಯಾರೂ ಕಾಸು ಹಾಕುವುದಿಲ್ಲ. ಕಿಟಕಿಯಿಂದ ಒಬ್ಬಾಕೆ, ಒಂದು ರಸ್ತೆಗೆ ಎಷ್ಟು ಗಿಟ್ಟುತ್ತದೆ ಎಂದು ಕೇಳುತ್ತಾಳೆ. ಐವತ್ತು ಸೆಂಟ್ ಅಂದಾಗ ಒಂದು ಡಾಲರ್ ಕೊಟ್ಟು, ಎರಡು ರಸ್ತೆ ಆಚೆ ಹೋಗಿ ಎನ್ನುತ್ತಾಳೆ!

ಕೆಲಗೇರಿಯ ನಮ್ಮ ಮನೆಯಲ್ಲಿ ಇದನ್ನು ಮೊಬೈಲ್‌ನಲ್ಲಿ ಕಾಕಾಗೆ ತೋರಿಸಿದೆ. ಕಾಕಾ ಜಾತ್ರೆ ನಾಟಕಗಳಿಗೆ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಪೇಟಿ ನುಡಿಸುತ್ತಾರೆ. ಲಾರೆಲ್ ಮುಂದಿದ್ದ ವಾದ್ಯ ನೋಡಿದ್ದೇ, ‘ಅದು ನಮ್ಮ ಪೇಟಿನ ಐತಲ್ಲೋ’ ಅಂದರು. ಡಾಲರ್ ಜೋಕಿಗೆ ನಾನು ಬಿದ್ದು ಬಿದ್ದು ನಕ್ಕೆ. ಕಾಕಾ ಸುಮ್ಮನಿದ್ದು, ‘ಆಕಿ ಭಾಳ ಚಲೋ ಹೆಣ್ಮಗಳು. ನಮಗ ರೊಕ್ಕ ಕೊಡದನ ಮುಂದ ಹೋಗ್ರಿ ಅಂದವ್ರದಾರ’ ಎಂದರು. ಆರನೇ ಸೆಮಿಸ್ಟರ್‌ನಲ್ಲಿರುವ ನನಗೆ ನೆನಪಾದದ್ದು ಪ್ಲೇಸ್‌ಮೆಂಟ್. ‘ನಿಮಗೆ ತಿಳಿಸುತ್ತೇವೆ’ ಎಂಬ ಮಾತಿನ ಜೊತೆ ಡಾಲರ್ ಕೂಡ ಇರುವುದಿಲ್ಲ.

ಮುಂದೆ ಇಬ್ಬರ ವಾದ್ಯಗಳೂ ಪುಡಿಯಾಗುತ್ತವೆ. ದಾರಿಯಲ್ಲಿ ಪಾಕೀಟು ಸಿಗುತ್ತದೆ. ಕಳ್ಳನಿಂದ ಕಾಪಾಡಿದ ಪೊಲೀಸನನ್ನೇ ಊಟಕ್ಕೆ ಕರೆಯುತ್ತಾರೆ. ಆ ಹೋಟೆಲಿನಲ್ಲಿ ಬಿಲ್ಲು ಕೊಡಲಾಗದ ಇನ್ನೊಬ್ಬನನ್ನು ಹೊಡೆದು ಹೊರಗೆಸೆಯುವುದನ್ನು ನಮಗೆ ಮೊದಲೇ ತೋರಿಸಿದ್ದಾರೆ. ಆಮೇಲೆ ಪಾಕೀಟು ತೆರೆದರೆ ಒಳಗಿರುವುದು ಅದೇ ಪೊಲೀಸನ ಫೋಟೊ. ನಗು ಬರುವುದಕ್ಕಿಂತ ಅರೆಕ್ಷಣ ಮೊದಲು ಹೊಟ್ಟೆಯೊಳಗೆ ಧಸಕ್ಕೆನ್ನುತ್ತದೆ. ಬೀಳುವುದು, ಏಳುವುದು ಯಾರಿಗೂ ಬರುತ್ತದೆ. ಈ ಧಸಕ್ ಹಸಿವು ಗೊತ್ತಿದ್ದವರಿಗೇ ಹೊಳೆಯುವಂಥದ್ದು ಅನಿಸುತ್ತದೆ.

ಇವರು ಗಂಟೆಗಟ್ಟಲೆ ನುಡಿಸಿದ್ದು ಕಿವಿ ಕೇಳದವರ ಸಂಸ್ಥೆಯೆದುರು ಎಂಬ ಜೋಕೊಂದಿದೆ. ಅದು ನನಗೆ ಅಷ್ಟು ಹಿಡಿಸಲಿಲ್ಲ. ನಮ್ಮ ಟಿ.ಎನ್. ಬಾಲಕೃಷ್ಣ ಅವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿಕೊಂಡು ಮಾತು ಹೇಳುತ್ತಿದ್ದರು. ಹಳೆಯ ಸಿನಿಮಾ ಹಾಕಿ ನೋಡಿ, ಟೈಮಿಂಗ್ ಎಲ್ಲಿಯಾದರೂ ತಪ್ಪಿದೆಯಾ?

ಬಾಲಕೃಷ್ಣ, ನರಸಿಂಹರಾಜು ಇಬ್ಬರೂ ನಾಟಕ ಕಂಪನಿಗಳಿಂದ ಬಂದವರು. 1954ರ ‘ಬೇಡರ ಕಣ್ಣಪ್ಪ’ ಗೆದ್ದ ಮೇಲೂ ಕನ್ನಡದಲ್ಲಿ ಸಿನಿಮಾಗಳು ಕಡಿಮೆ, ಕೆಲಸವೂ ಕಡಿಮೆ. ತೆರೆಯ ಮೇಲೆ ಹೆಸರು ಮಾಡಿದ್ದರೂ ಕೈಯಲ್ಲಿ ಪಾತ್ರವಿಲ್ಲ. ಆಗ ರಾಜ್‌ಕುಮಾರ್, ಜಿ.ವಿ. ಅಯ್ಯರ್ ಮತ್ತು ಈ ಇಬ್ಬರು ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ನಾಟಕ ಒಯ್ದರು. ಸಿನಿಮಾದಿಂದ ಮತ್ತೆ ರಂಗಕ್ಕೆ! ನಮ್ಮ ಬ್ಯಾಚಿನವರಾದರೆ ಇದನ್ನು ‘ಹಿಂಬಡ್ತಿ’ ಎಂದು ಆಡಿಕೊಳ್ಳುತ್ತಿದ್ದರು. ಅದೇ ಸಂಘ 1960ರಲ್ಲಿ ‘ರಣಧೀರ ಕಂಠೀರವ’ ತೆಗೆಯಿತು. ಪಾತ್ರ ಕೊಡುವವರಿಲ್ಲದಾಗ ನಟರೇ ನಿರ್ಮಾಪಕರಾದರು.

ಇದನ್ನೆಲ್ಲ ಹೇಳಿದಾಗ ಕಾಕಾ, ‘ಅವ್ರು ನಾಕ್ ಮಂದಿ ಇದ್ರು. ಇಲ್ಲಿ ನಾ ಒಬ್ಬಾಂವ’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಸಲದ ನಾಟಕಕ್ಕೆ ಕೀಬೋರ್ಡ್ ನುಡಿಸುವ ಹುಡುಗನನ್ನು ಗೊತ್ತುಮಾಡಿದ್ದಾರೆ. ಕಾಕಾಗೆ ತಬಲಾದವರ ಪಕ್ಕ ಕುಳಿತು ತಾಳ ಹಾಕಲು ಹೇಳಿದ್ದಾರೆ. ಸಂಜೆ ತಾಲೀಮಿಗೆ ಹೋಗುತ್ತಿದ್ದಾರೆ, ಪೇಟಿ ಹೊತ್ತುಕೊಂಡೇ.