ಹೊಟ್ಟೆಗೆ ಚುಚ್ಚುವ ಹೆಪ್ಪುರೋಧಕ: ಅನುಕೂಲದ ಜೊತೆಗಿರುವ ಅಪಾಯ

ಮಂಡಿ ಅಥವಾ ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾದ ಬಳಿಕ ಓಡಾಟ ಕಡಿಮೆಯಾದವರ ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಾಗಿದ್ದು, ಆ ಹೆಪ್ಪಿನ ತುಣುಕು ಕಳಚಿಕೊಂಡು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇದನ್ನು ತಡೆಯಲು ಬಳಸುವ ಔಷಧಗಳಲ್ಲಿ ಎನಾಕ್ಸಪಾರಿನ್, ಡಾಲ್ಟೆಪಾರಿನ್ ಮುಂತಾದ ಕಡಿಮೆ ಅಣುತೂಕದ ಹೆಪಾರಿನ್‌ಗಳು ಪ್ರಮುಖವಾದವು. ಹಂದಿಯ ಕರುಳಿನ ಒಳಪೊರೆಯಿಂದ ಪಡೆದ ಹೆಪಾರಿನ್‌ನ ಉದ್ದನೆಯ ಸಕ್ಕರೆ ಸರಪಳಿಗಳನ್ನು ತುಂಡರಿಸಿ ಇವನ್ನು ತಯಾರಿಸುವುದರಿಂದ, ಸುಮಾರು 15,000 ಡಾಲ್ಟನ್ ಇದ್ದ ಸರಾಸರಿ ಅಣುತೂಕ 5,000ದ ಆಸುಪಾಸಿಗೆ ಇಳಿಯುತ್ತದೆ. ಔಷಧದ ಈ ಪ್ರಾಣಿಮೂಲವನ್ನು ರೋಗಿಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯವೇ ಸರಿ.

ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕಲು ದೇಹದಲ್ಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿನ ಬಲವನ್ನು ಈ ಔಷಧ ಹೆಚ್ಚಿಸುತ್ತದೆ. ಇದರ ಪರಿಣಾಮವನ್ನು ಬಹುಮಟ್ಟಿಗೆ ಮುಂದಾಗಿ ಅಂದಾಜಿಸಬಹುದಾದ್ದರಿಂದ ಪದೇಪದೇ ರಕ್ತಪರೀಕ್ಷೆ ಬೇಕಾಗುವುದಿಲ್ಲ. ಚುಚ್ಚುಮದ್ದನ್ನು ಮನೆಯಲ್ಲಿಯೇ ತೆಗೆದುಕೊಳ್ಳಬಹುದು. ಗರ್ಭವೇಷ್ಟನವನ್ನು ದಾಟಿ ಶಿಶುವನ್ನು ತಲುಪದ ಕಾರಣ ಗರ್ಭಿಣಿಯರಿಗೂ ಇದನ್ನು ಕೊಡಲಾಗುತ್ತದೆ.

ಆದರೆ ಪರೀಕ್ಷೆ ಬೇಡವೆಂಬ ಈ ಅನುಕೂಲವೇ ಎಚ್ಚರ ತಪ್ಪಲು ಎಡೆಮಾಡಿಕೊಡುತ್ತದೆ. ಔಷಧ ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಅವುಗಳ ಶೋಧನಶಕ್ತಿಯನ್ನು ಸೂಚಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 30 ಮಿಲಿಲೀಟರ್‌ಗಿಂತ ಕಡಿಮೆಯಾದಾಗ ಅದು ದೇಹದಲ್ಲಿ ಶೇಖರಗೊಂಡು ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಆಗ ಸಾಮಾನ್ಯವಾಗಿ ಕಿಲೋಗೆ 1 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಡುವ ಎನಾಕ್ಸಪಾರಿನ್‌ನ ಚಿಕಿತ್ಸಾ ಪ್ರಮಾಣವನ್ನು ದಿನಕ್ಕೆ ಒಂದೇ ಬಾರಿಗೆ ಇಳಿಸಬೇಕಾಗುತ್ತದೆ. ರೋಗಿಯನ್ನು ತೂಗದೆ, ಕಣ್ಣಂದಾಜಿನಲ್ಲಿ ಪ್ರಮಾಣ ನಿಗದಿಪಡಿಸುವುದು ಅಕ್ಷಮ್ಯ. ಬೆನ್ನಿಗೆ ಅರಿವಳಿಕೆ ಕೊಡುವಾಗ ಔಷಧದ ಪ್ರಭಾವ ಉಳಿದಿದ್ದರೆ ಬೆನ್ನುಹುರಿಯ ಸುತ್ತ ರಕ್ತ ಶೇಖರಗೊಂಡು ಕಾಲುಗಳ ಬಲ ಶಾಶ್ವತವಾಗಿ ಕುಂದಬಹುದಾದ್ದರಿಂದ, ತಡೆಗಾಗಿ ಕೊಟ್ಟ ಕಡಿಮೆ ಪ್ರಮಾಣದ ಬಳಿಕ ಕನಿಷ್ಠ 12 ಗಂಟೆ, ಚಿಕಿತ್ಸಾ ಪ್ರಮಾಣದ ಬಳಿಕ 24 ಗಂಟೆ ಕಾಯಬೇಕು. ರಕ್ತಸ್ರಾವವಾದಾಗ ಬಳಸುವ ಪ್ರತ್ಯೌಷಧ ಪ್ರೊಟಮಿನ್ ಇದರ ಪರಿಣಾಮವನ್ನು ಭಾಗಶಃ ಮಾತ್ರ ತೊಡೆಯಬಲ್ಲದು. ಅಪರೂಪಕ್ಕೆ, ಔಷಧ ಆರಂಭಿಸಿದ 5ರಿಂದ 10 ದಿನಗಳಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿದು, ಹೆಪ್ಪು ತಡೆಯಬೇಕಾದ ಔಷಧದಿಂದಲೇ ಹೊಸ ಹೆಪ್ಪುಗಳು ಉಂಟಾಗುವುದೂ ಇದೆ.

ಮನೆಯಲ್ಲಿ ಚುಚ್ಚುವಾಗ ಹೊಕ್ಕಳಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿಯನ್ನು ನೇರವಾಗಿ ಇಳಿಸಬೇಕು. ಪೂರ್ಣ ಪ್ರಮಾಣ ತುಂಬಿಬಂದ ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರದೂಡಬಾರದು, ಚುಚ್ಚಿದ ಜಾಗವನ್ನು ಉಜ್ಜಬಾರದು. ಅಲ್ಲಿ ಸಣ್ಣ ನೀಲಿಗಟ್ಟುವಿಕೆ ಸಾಮಾನ್ಯ. ಆದರೆ ಮಲ ಡಾಂಬರಿನಂತೆ ಕಪ್ಪಾದರೆ, ಹಠಾತ್ತನೆ ತೀವ್ರ ತಲೆನೋವು ಬಂದರೆ ಅಥವಾ ಕಾಲು ಜೋಮು ಹಿಡಿದರೆ ಮುಂದಿನ ಚುಚ್ಚುಮದ್ದು ತೆಗೆದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.