ಕತ್ತರಿಗಿಂತ ಮೊದಲು ಬಾಚಣಿಗೆ

ಮೆಹದಿಪಟ್ಟಣಂ ಹೈದರಾಬಾದಿನ ಪಶ್ಚಿಮದ ಹೆಬ್ಬಾಗಿಲು. ಚೇವೆಳ್ಳ, ವಿಕಾರಾಬಾದ್ ಕಡೆಯ ಬಸ್ಸುಗಳು ಬಂದು ಸೇರುವ ತಾಣ. ಹತ್ತಿರದಲ್ಲೇ ರೈತು ಬಜಾರ್, ದಂಡಿನ ಪ್ರದೇಶ, ತೋಲಿಚೌಕಿಯ ಅಪಾರ್ಟ್‌ಮೆಂಟುಗಳು. ಇಂಥ ನಗರದಲ್ಲಿ ಶಿಹ್‌ ತ್ಸು ನಾಯಿ, ಪರ್ಷಿಯನ್ ಬೆಕ್ಕು ಸಾಕುವವರು ಹೆಚ್ಚಿದಂತೆ ಅವುಗಳ ರೋಮ, ಉಗುರು, ಕಿವಿ ನೋಡಿಕೊಳ್ಳುವ ಪೆಟ್ ಗ್ರೂಮರ್‌ನ ಕೆಲಸವೂ ಒಂದು ಜೀವನೋಪಾಯವಾಗಿದೆ. ಇದಕ್ಕೆ ಪದವಿ ಬೇಡ, ದೊಡ್ಡ ಬಂಡವಾಳವೂ ಬೇಡ. ಬೀದರ್, ಕಲಬುರಗಿಯಿಂದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬರುವವರಿಗೂ ನಿಲುಕುವ ಕಸುಬು. ಆದರೆ ಒಳಗೆ ಬರುವುದು ಸುಲಭವೆಂಬ ಕಾರಣಕ್ಕೆ ಕಲಿಕೆಯೂ ಸುಲಭವೆಂದು ತಿಳಿಯುವುದು ತಪ್ಪು. ಹೊಸಬರ ಮೊದಲ ತಿಂಗಳುಗಳು ಬಾಚುವುದರಲ್ಲಿ, ಮೀಯಿಸುವುದರಲ್ಲಿ, ಒಣಗಿಸುವುದರಲ್ಲಿಯೇ ಕಳೆಯಬೇಕು, ಅದೂ ನುರಿತವರ ಕಣ್ಣೆದುರಿನಲ್ಲಿ. ಕತ್ತರಿಯ ಸರದಿ ಆಮೇಲೆ.

ಬಾಚುವ ಕೆಲಸವನ್ನೇ ನೋಡಿ. ಉದ್ದ ರೋಮದ ನಾಯಿಗೆ ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಜಡೆಗಟ್ಟುತ್ತದೆ. ಮೇಲೆ ಬ್ರಷ್ ಆಡಿಸಿದರೆ ನುಣುಪಾಗಿ ಕಾಣುತ್ತದೆ. ಬುಡದ ಗಂಟು ಹಾಗೇ ಉಳಿಯುತ್ತದೆ. ಅದನ್ನು ಬಿಡಿಸದೆ ನೀರು ಹುಯ್ದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಹಾಗಾಗಿ ಒಂದು ಕೈಯಲ್ಲಿ ರೋಮವನ್ನು ಮೇಲಕ್ಕೆ ಒತ್ತಿಹಿಡಿದು, ಚರ್ಮ ಕಾಣುವಂತೆ ಗೆರೆ ತೆಗೆದು, ಸಾಲುಸಾಲಾಗಿ ಸ್ಲಿಕರ್ ಬ್ರಷ್ ಎಳೆದು, ಕೊನೆಗೆ ಲೋಹದ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹರಿಯುತ್ತದೆಯೇ ಎಂದು ನೋಡಬೇಕು. ಎಷ್ಟು ಒತ್ತಿದರೆ ಸಾಕು ಎಂಬುದನ್ನು ಹೇಳಿಕೊಡಲಾಗದು. ನಾಯಿಯ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು. ಸ್ವಲ್ಪ ಹೆಚ್ಚು ಉಜ್ಜಿದರೂ ಕೆಂಪಾಗುತ್ತದೆ. ಜಡೆಗೆ ನೇರವಾಗಿ ಕತ್ತರಿ ಹಾಕಿದರೆ ಗಂಟಿನೊಂದಿಗೆ ಎಳೆದುಬಂದ ಚರ್ಮವೂ ಕತ್ತರಿಸಿಹೋಗುವ ಅಪಾಯವಿದೆ.

ಉಳಿದ ಕೆಲಸಗಳೂ ಹೀಗೆಯೇ. ಬಿಳಿ ಉಗುರಿನಲ್ಲಿ ಒಳಗಿನ ರಕ್ತನಾಳ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಕಾಣದು. ತೆಳುತೆಳುವಾಗಿ ಕತ್ತರಿಸುತ್ತ ಬಂದು, ಕೊಯ್ದ ಮುಖದ ನಡುವೆ ಕಪ್ಪು ಚುಕ್ಕೆ ಮೂಡಿದೊಡನೆ ನಿಲ್ಲಿಸಬೇಕು. ರಕ್ತ ನಿಲ್ಲಿಸುವ ಪುಡಿ ಕೈಗೆಟುಕುವಂತಿರಬೇಕು. ಕ್ಲಿಪ್ಪರ್‌ನ 10ನೇ ನಂಬರಿನ ಬ್ಲೇಡ್ ಸುಮಾರು ಒಂದೂವರೆ ಮಿಲಿಮೀಟರ್ ರೋಮವನ್ನಷ್ಟೇ ಉಳಿಸುತ್ತದೆ. ಓಡುತ್ತಲೇ ಇದ್ದರೆ ಅದು ಕಾದು ಚರ್ಮ ಸುಡಬಲ್ಲದು. ಆಗಾಗ ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡುವುದು ಅಭ್ಯಾಸವಾಗಬೇಕು. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಯನ್ನು ಬಿಸಿಗಾಳಿಯ ಡ್ರೈಯರ್ ಮುಂದೆ ಬಿಟ್ಟುಹೋದರೆ, ಹೈದರಾಬಾದಿನ ಮೇ ತಿಂಗಳಲ್ಲಿ ಅದು ಉಷ್ಣಾಘಾತಕ್ಕೆ ತುತ್ತಾಗಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಾಣಿಯ ಮೈಯನ್ನು ಓದುವುದು. ಗುರ್ ಎನ್ನುವ ಮೊದಲೇ ಅದು ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿ ತೋರಿಸುತ್ತದೆ, ಹಿಡಿದ ಕೈಯಡಿ ಸೆಟೆದುಕೊಳ್ಳುತ್ತದೆ. ಆ ಬಿಗಿತ ಕೈಗೆ ತಿಳಿಯಬೇಕಾದರೆ ಹತ್ತಾರು ನಾಯಿಗಳನ್ನು ಮೀಯಿಸಿರಬೇಕು.

ಈಗೆಲ್ಲ ವಿಡಿಯೋ ಇದೆಯಲ್ಲ, ಕೆಲವು ವಾರಗಳ ಕೋರ್ಸ್ ಇದೆಯಲ್ಲ ಎನ್ನುವವರಿದ್ದಾರೆ. ಇವು ನಿರುಪಯುಕ್ತವಲ್ಲ. ತಳಿಗೆ ತಕ್ಕ ಕಟಾವು, ಉಪಕರಣಗಳ ಹೆಸರು, ಶಾಂಪೂವಿನ ಆಯ್ಕೆ ಇವುಗಳಿಂದ ಬೇಗ ಬರುತ್ತವೆ. ನಮ್ಮ ಚರ್ಮದ ಪಿಎಚ್ 5.5ರ ಆಸುಪಾಸಿದ್ದರೆ ನಾಯಿಯದು 7ರ ಹತ್ತಿರ, ಆದ್ದರಿಂದ ಮನೆಯ ಶಾಂಪೂ ಅದಕ್ಕೆ ಹಿಡಿಸದು ಎಂಬುದನ್ನು ಪಾಠದಲ್ಲೇ ಕಲಿಯಬಹುದು. ಕೃತಕ ರೋಮದ ಗೊಂಬೆಯ ಮೇಲೆ ಕತ್ತರಿಯ ಕೋನವನ್ನೂ ಪಳಗಿಸಿಕೊಳ್ಳಬಹುದು; ಜೀವಂತ ಪ್ರಾಣಿಯ ಮೇಲೆ ಪ್ರಯೋಗ ಸರಿಯೇ ಎಂದು ಕೇಳುವವರಿಗೆ ಅರ್ಧ ಉತ್ತರ ಅಲ್ಲಿದೆ. ಆದರೆ ಗೊಂಬೆ ಹೆದರುವುದಿಲ್ಲ, ಕಾಲು ಸೆಳೆದುಕೊಳ್ಳುವುದಿಲ್ಲ. ಉಳಿದರ್ಧವನ್ನು ಜೀವಂತ ಪ್ರಾಣಿಯಿಂದಲೇ ಕಲಿಯಬೇಕಾದ್ದರಿಂದ, ಅದಕ್ಕೆ ಅತಿ ಕಡಿಮೆ ಅಪಾಯವಿರುವ ಕೆಲಸದಿಂದ ಶುರುಮಾಡುವುದು ನ್ಯಾಯ. ಬ್ರಷ್ ಮುಂಚೆ, ಕತ್ತರಿ ಆಮೇಲೆ ಎಂಬ ಕ್ರಮಕ್ಕೆ ಇದೇ ಆಧಾರ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಕಲಿಕೆಯ ಹೆಸರಿನಲ್ಲಿ ಹುಡುಗರಿಂದ ತಿಂಗಳುಗಟ್ಟಲೆ ಪುಕ್ಕಟೆ ಚಾಕರಿ ಮಾಡಿಸಿಕೊಳ್ಳಲು ಇದು ನೆಪವಾಗುವುದಿಲ್ಲವೇ? ಆಗಬಹುದು. 1961ರ ಅಪ್ರೆಂಟಿಸ್ ಕಾಯ್ದೆ ಶಿಷ್ಯವೇತನವನ್ನು ಕಡ್ಡಾಯ ಮಾಡಿದೆ. ಆದರೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕಾದದ್ದು 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಮಾತ್ರ. ನಾಲ್ವರಿಗಿಂತ ಕಡಿಮೆ ಇದ್ದರೆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಇಬ್ಬರು ಮೂವರು ನಡೆಸುವ ಗ್ರೂಮಿಂಗ್ ಅಂಗಡಿಗೆ ಆ ಕಾನೂನು ತಲುಪದು. ಪಶುಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆ ಪ್ರಾಣಿಯನ್ನು ಕಾಯುತ್ತದೆ, ಕಲಿಯುವವನನ್ನಲ್ಲ. ಗ್ರೂಮರ್‌ಗೆ ಕಡ್ಡಾಯ ಪರವಾನಗಿಯೂ ನಮ್ಮಲ್ಲಿಲ್ಲ. ಈ ಕೊರತೆಗೆ ಮದ್ದು ಬೇಗನೆ ಕತ್ತರಿ ಕೊಡುವುದಲ್ಲ. ಮೊದಲ ದಿನವೇ ಬರಹದಲ್ಲಿ ಒಪ್ಪಂದವಾಗುವುದು. ಕಲಿಕೆಯ ಅವಧಿ, ಕೈಗೆ ಸಿಗುವ ಹಣ, ಯಾವ ಹಂತದಲ್ಲಿ ಉಗುರು, ಯಾವ ಹಂತದಲ್ಲಿ ಕ್ಲಿಪ್ಪರ್ ಎಂಬುದೆಲ್ಲ ಅದರಲ್ಲಿರಬೇಕು. ಕಚ್ಚಿಸಿಕೊಳ್ಳುವ ಸಂಭವವಿರುವ ಕೆಲಸವಾದ್ದರಿಂದ ಮುಂಜಾಗ್ರತೆಯ ರೇಬಿಸ್ ಲಸಿಕೆಯ ಖರ್ಚನ್ನು ಅಂಗಡಿಯೇ ಭರಿಸಬೇಕು.

ಕಸುಬಿನ ಎಲ್ಲೆಯನ್ನೂ ಇದೇ ಅವಧಿಯಲ್ಲಿ ಕಲಿಯಬೇಕು. ಕಿವಿಯಲ್ಲಿ ದುರ್ವಾಸನೆ, ಚರ್ಮದಲ್ಲಿ ಹುಣ್ಣು, ರೋಮದ ಬುಡದಲ್ಲಿ ಉಣ್ಣಿ ಮೊದಲು ಕಣ್ಣಿಗೆ ಬೀಳುವುದು ಬಾಚುವವರಿಗೇ. ನೋಡಿ ಹೇಳುವುದು ಅವರ ಕೆಲಸ. ಚಿಕಿತ್ಸೆ, ಮಂಪರು ಮದ್ದು ಪಶುವೈದ್ಯರದ್ದು. ಉಣ್ಣಿ ಹೋಗಲೆಂದು ನಾಯಿಗೆ ಹಚ್ಚುವ ಪರ್ಮೆತ್ರಿನ್ ಬೆಕ್ಕಿಗೆ ವಿಷ ಎಂಬ ಒಂದೇ ಸಂಗತಿ ಸಾಕು, ಈ ಎಲ್ಲೆ ಯಾಕೆ ಬೇಕೆಂದು ತಿಳಿಯಲು. ಮೆಹದಿಪಟ್ಟಣಂನಿಂದ ಹೊರಡುವ ಪಿ.ವಿ. ನರಸಿಂಹ ರಾವ್ ಎಕ್ಸ್‌ಪ್ರೆಸ್‌ವೇ ಸಾಗುವ ರಾಜೇಂದ್ರನಗರದ ದಿಕ್ಕಿನಲ್ಲೇ ತೆಲಂಗಾಣದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಇಂಥ ಅಂಗಡಿಗಳ ಕಲಿಕೆಗೆ ಅದು ಒಂದು ಸಣ್ಣ ಪಠ್ಯವನ್ನೂ ಪರೀಕ್ಷೆಯನ್ನೂ ಕೊಡಬಲ್ಲದು. ಅಲ್ಲಿಯವರೆಗೆ ಸೇರುವವರು ಕೇಳಬೇಕಾದದ್ದು ಎಷ್ಟು ತಿಂಗಳಿಗೆ ಸರ್ಟಿಫಿಕೇಟ್ ಎಂದಲ್ಲ, ಪಕ್ಕದಲ್ಲಿ ನಿಂತು ತಿದ್ದುವವರು ಯಾರು ಎಂದು. ನಾಯಿಯನ್ನು ಬಿಟ್ಟುಹೋಗುವ ಮಾಲೀಕರೂ ಅದೇ ಪ್ರಶ್ನೆ ಕೇಳತೊಡಗಿದರೆ ಕಲಿಸುವ ಅಂಗಡಿಗೂ ದುಡಿಸುವ ಅಂಗಡಿಗೂ ಇರುವ ವ್ಯತ್ಯಾಸ ಬಯಲಿಗೆ ಬರುತ್ತದೆ.